ಮೇನ್ ಬೋರ್ಡ್ ಜೀರ್ಣೋದ್ಧಾರ ಕಾಲನಿರ್ಣಯ

ಮನೆಯ ಮೇನ್ ಬೋರ್ಡನ್ನು ಯಾವಾಗ ಬದಲಿಸಬೇಕೆಂದು ನಿರ್ಣಯಿಸಲು ಹಾವೇರಿ ಸೀಮೆಯ ಶಾಸ್ತ್ರದಲ್ಲಿ ಮೂರು ಪ್ರಮಾಣಗಳುಂಟು: ಪ್ರತ್ಯಕ್ಷ, ಅನುಮಾನ, ಶಬ್ದ. ‘ಪಕ್ಕದ ಮನೆಯವರು ಹಾಕಿಸಿದರು’ ಎಂಬ ಉಪಮಾನವನ್ನು ನಾಲ್ಕನೆಯದಾಗಿ ಎಣಿಸುವವರೂ ಇದ್ದಾರೆ. ವ್ಯವಹಾರದಲ್ಲಿ ಎಲ್ಲಕ್ಕಿಂತ ಬಲವಾದದ್ದು ಅದೇ.

ವಿಚಾರಕ್ಕೆ ಎತ್ತಿಕೊಂಡ ವಸ್ತು ಹಳೆಯ ಮನೆಗಳ ಪಡಸಾಲೆಯಲ್ಲಿ ಇಂದಿಗೂ ಸಿಗುತ್ತದೆ. ಮರದ ಹಲಗೆ, ಎರಡು ಪಿಂಗಾಣಿ ಫ್ಯೂಸು, ಕಬ್ಬಿಣದ ಡಬ್ಬಿಯ ಮೇನ್ ಸ್ವಿಚ್, ಅದರ ಮೇಲೆ ಹಲವು ಆಯುಧಪೂಜೆಗಳ ವಿಭೂತಿ-ಕುಂಕುಮ, ಮೀಟರಿನ ಹಿಂದೆ ಸಿಕ್ಕಿಸಿಟ್ಟ ತಾಮ್ರದ ತಂತಿಯ ಸುರುಳಿ. ಈ ಸುರುಳಿಯೇ ಮುಂದಿನ ಅನರ್ಥಗಳಿಗೆಲ್ಲ ಮೂಲ.

ಪ್ರತ್ಯಕ್ಷ ಪ್ರಮಾಣದಲ್ಲಿ ರಸನೇಂದ್ರಿಯಕ್ಕೆ ಕೆಲಸವಿಲ್ಲ. ಕಣ್ಣಿಗೆ ಪ್ಲಗ್ಗಿನ ಸುತ್ತ ಕಂದುಗಟ್ಟಿದ ಕಲೆ, ಕಿವಿಗೆ ಸ್ವಿಚ್ಚಿನೊಳಗಿನ ಚಿಟಿಚಿಟಿ, ಕೈಗೆ ಬೆಚ್ಚಗಾದ ಬೋರ್ಡು, ಮೂಗಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ತಿಳಿಯುತ್ತದೆ. ಕೊನೆಯದು ಬ್ಯಾಡಗಿಯಲ್ಲಿ ಸಲ್ಲದು. ಮೆಣಸಿನಕಾಯಿ ಪೇಟೆಗೆ ಡಬ್ಬಿ, ಕಡ್ಡಿ ತಳಿಗಳ ಚೀಲ ಬಂದು ಬೀಳುವ ಕಾಲದಲ್ಲಿ ಊರಿಗೆ ಊರೇ ಸೀನುತ್ತಿರುವಾಗ, ವೈರು ಸುಟ್ಟಿತೋ ಘಾಟು ಹತ್ತಿತೋ ಎಂಬ ವಿವೇಕ ಮೂಗಿಗೆ ಉಳಿಯುವುದಿಲ್ಲ.

ಅನುಮಾನ ಪ್ರಮಾಣಕ್ಕೆ ನೈಯಾಯಿಕರ ಹಳೆಯ ಉದಾಹರಣೆ ಬೆಟ್ಟದ ಮೇಲಿನ ಹೊಗೆ, ಹೊಗೆಯಿದ್ದಲ್ಲಿ ಬೆಂಕಿ. ಇಲ್ಲಿನ ಗೃಹಸ್ಥರು ಇದಕ್ಕೊಂದು ಹೇತ್ವಾಭಾಸವನ್ನು ಸೇರಿಸಿದ್ದಾರೆ: ಫ್ಯೂಸು ಪದೇ ಪದೇ ಹೋಗುತ್ತದೆ, ಆದ್ದರಿಂದ ಫ್ಯೂಸು ದುರ್ಬಲ. ಫ್ಯೂಸು ದುರ್ಬಲವಾಗಿರಬೇಕೆಂದೇ ಅದನ್ನು ಅಲ್ಲಿ ಇಟ್ಟದ್ದು ಎಂಬ ಸಿದ್ಧಾಂತ ಯಾರ ಕಿವಿಗೂ ಬೀಳುವುದಿಲ್ಲ.

ಶಬ್ದ ಪ್ರಮಾಣವೆಂದರೆ ಆಪ್ತವಾಕ್ಯ, ಅಂದರೆ ವೈರ್‌ಮನ್ ಏಣಿಯ ಮೇಲಿಂದ ಹೇಳುವ ಮಾತು: ‘ಇನ್ನೊಂದ್ ಎಳಿ ಹಾಕ್ರಿ, ತಡೀತೈತಿ.’ ಈ ಸೂತ್ರಕ್ಕೆ ಭಾಷ್ಯ ಬೇಕಾಗಿದೆ. ಬ್ರಿಟನ್ನಿನ ವಿಲಿಯಂ ಹೆನ್ರಿ ಪ್ರೀಸ್ 1880ರ ದಶಕದಲ್ಲಿ ಕೊಟ್ಟ ಸೂತ್ರದಂತೆ 0.2 ಮಿ.ಮೀ. ದಪ್ಪದ ತಾಮ್ರದ ಎಳೆ ಸುಮಾರು 7 ಆಂಪಿಯರಿಗೆ ಕರಗುತ್ತದೆ. ಮೂರು ಎಳೆ ಹೊಸೆದರೆ 20ರ ಆಸುಪಾಸು. ಗೋಡೆಯೊಳಗಿನ 1.5 ಚದರ ಮಿ.ಮೀ. ವೈರಿನ ತಾಳಿಕೆ 15 ಆಂಪಿಯರಿನ ಸುತ್ತಮುತ್ತ. ಹೀಗಾಗಿ ಮೂರನೆಯ ಎಳೆ ಬಿದ್ದ ದಿನದಿಂದ ಫ್ಯೂಸಿನ ಹುದ್ದೆ ಗೋಡೆಗೆ ವರ್ಗವಾಗುತ್ತದೆ. ‘ತಡೀತೈತಿ’ ಎಂಬುದು ಆ ಮಟ್ಟಿಗೆ ಸತ್ಯವೇ. ಫ್ಯೂಸು ತಡೆಯುತ್ತದೆ, ಮನೆ ತಡೆಯುವುದಿಲ್ಲ.

ರಾಣೆಬೆನ್ನೂರಿನಲ್ಲಿ ನಳದ ನೀರು ಬಂದ ಮುಂಜಾವು ಗಣಿತಕ್ಕೆ ಪ್ರಶಸ್ತ. 2000 ವ್ಯಾಟಿನ ಗೀಸರ್, 1000ದ ಇಸ್ತ್ರಿ ಪೆಟ್ಟಿಗೆ, ಚಟ್ನಿಗೆ 750ರ ಮಿಕ್ಸರ್, ಜೊತೆಗೆ ಸುಮಾರು 1000 ವ್ಯಾಟ್ ಎಳೆಯುವ ಒಂದು ಎಚ್‌ಪಿ ಮೋಟರು: ಒಟ್ಟು 4750. 230 ವೋಲ್ಟಿನಿಂದ ಭಾಗಿಸಿದರೆ 20 ಆಂಪಿಯರಿಗೂ ಮೇಲೆ. ಇದಕ್ಕೆ ಎದುರಾಗಿ 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಹುಟ್ಟಿದ ಶೂನ್ಯವಾದವೊಂದಿದೆ: ಬಿಲ್ಲು ಶೂನ್ಯ, ಆದ್ದರಿಂದ ಲೋಡೂ ಶೂನ್ಯ. ಯೋಜನೆ ಎಣಿಸುವುದು ತಿಂಗಳ ಯೂನಿಟ್ಟನ್ನು. ವೈರು ಎಣಿಸುವುದು ಆ ಕ್ಷಣದ ಆಂಪಿಯರನ್ನು.

ಮುಹೂರ್ತದ ವಿಷಯದಲ್ಲಿ ಶಾಸ್ತ್ರಕ್ಕೂ ರೂಢಿಗೂ ಭೇದವಿದೆ. ಗೀಸರ್ ಅಥವಾ ಎಸಿ ಕೊಳ್ಳುವ ಮುನ್ನ ಎಂದು ಶಾಸ್ತ್ರ. ಬೆಂಗಳೂರಿನ ಅಳಿಯ ಬೇಸಿಗೆಗೆ ಬಂದು ಒಂದು ರಾತ್ರಿ ಕತ್ತಲೆಯಲ್ಲಿ ಬೆವತ ಮೇಲೆ ಎಂದು ರೂಢಿ.

ಬದಲಿಸುವಾಗ ಮರದ ಹಲಗೆಯ ಜಾಗಕ್ಕೆ ಎಂಸಿಬಿ ಡಬ್ಬಿ ಬಂದರಷ್ಟೇ ಸಾಲದು. ಗೀಸರಿಗೆ, ಎಸಿಗೆ ಪ್ರತ್ಯೇಕ ದಪ್ಪ ವೈರು, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಬೇಕು. ಲೋಡು ಮಂಜೂರಾದದ್ದಕ್ಕಿಂತ ಹೆಚ್ಚಾದರೆ ಹೆಸ್ಕಾಂಗೆ ಅರ್ಜಿ ಕೊಡಬೇಕು. 16ರ ಎಂಸಿಬಿ ಬೀಳುತ್ತದೆಂದು ಹಳೆಯ ವೈರಿಗೇ 32ರದನ್ನು ಕೂರಿಸುವುದು ಮೂರೆಳೆ ಪಂಥದ ನವ್ಯ ಶಾಖೆ, ಅದು ಅಗ್ರಾಹ್ಯ. ಆರ್‌ಸಿಸಿಬಿ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿಯೊಂದಿರುತ್ತದೆ. ಆಗಾಗ ಅದನ್ನು ಒತ್ತಿ ನೋಡಬೇಕು. ಒತ್ತಿದಾಗ ಕರೆಂಟು ಹೋಗದಿದ್ದರೆ ಆ ಆರ್‌ಸಿಸಿಬಿ ಕೆಟ್ಟಿದೆ, ಬದಲಿಸಬೇಕು.