ಲೋಳೆಮೀಮಾಂಸೆ ಅಥವಾ ಚಿಯಾ ಬೀಜದ ತತ್ತ್ವನಿರ್ಣಯ

ಖಾದ್ಯಪದಾರ್ಥಗಳು ಎರಡು ಬಗೆ: ಲೋಳೆಯುಳ್ಳವು, ಲೋಳೆಯಿಲ್ಲದವು. ಲೋಳೆಯುಳ್ಳವು ಮತ್ತೆ ಎರಡು ಬಗೆ: ಹುಟ್ಟುಲೋಳೆ, ನೆನೆಲೋಳೆ. ಬೆಂಡೆ, ಬಸಳೆಗಳದು ಹುಟ್ಟುಲೋಳೆ. ಅದನ್ನು ಹುರಿದು, ಹುಣಸೆಹುಳಿ ಹಿಂಡಿ ಓಡಿಸುವ ವಿದ್ಯೆಯಲ್ಲಿ ನಮ್ಮ ಅಡುಗೆಮನೆಗಳು ತಲೆತಲಾಂತರದಿಂದ ಪಳಗಿವೆ. ಈಗ ಅದೇ ಅಡುಗೆಮನೆಗಳು ಚಿಯಾ ಬೀಜಕ್ಕೆ ಲೋಳೆ ಬರಲೆಂದು ರಾತ್ರಿಯಿಡೀ ಕಾಯುತ್ತವೆ. ಈ ವಿರೋಧಾಭಾಸದ ಪರಿಹಾರವೇ ಪ್ರಸ್ತುತ ಗ್ರಂಥದ ಪ್ರಯೋಜನ. ಯಾರ ಫ್ರಿಜ್ಜಿನಲ್ಲಿ ಮುಚ್ಚಳವಿರುವ ಗಾಜಿನ ಬಾಟಲಿ ಇದೆಯೋ ಅವರೇ ಇದರ ಓದಿಗೆ ಅಧಿಕಾರಿಗಳು.

ಮೊದಲು ಕುಲವಿಚಾರ. ಜನ್ಮಸ್ಥಾನ ಮೆಕ್ಸಿಕೊ, ಗ್ವಾಟೆಮಾಲ. ಸಸ್ಯಗಳಿಗೆ ಹೆಸರಿಡುತ್ತಿದ್ದ ಲಿನೇಯಸ್ 1753ರಲ್ಲಿ ಇದರ ಜನ್ಮಪತ್ರಿಕೆಯಲ್ಲಿ ಸ್ಪೇನ್ ಎಂದು ಬರೆದುಬಿಟ್ಟ. ತಿದ್ದುಪಡಿಗೆ ಅರ್ಜಿ ಹಾಕಲು ಗಿಡಕ್ಕೆ ಬಾಯಿಲ್ಲ. ಗೋತ್ರ ನಮ್ಮ ತುಳಸಿ, ಪುದೀನ, ದೊಡ್ಡಪತ್ರೆಗಳದೇ. ನಂಬದವರು ಕಾಂಡವನ್ನು ಬೆರಳಲ್ಲಿ ಉರುಳಿಸಲಿ, ಚೌಕವಾಗಿರುವುದರಿಂದ ಉರುಳುವುದಿಲ್ಲ. ಅಜ್ಟೆಕ್ ದೊರೆಗಳಿಗೆ ಸಾಮಂತ ಊರುಗಳು ಮೆಕ್ಕೆಜೋಳ, ಬೀನ್ಸ್, ರಾಜಗಿರಿಯ ಜೊತೆ ಚಿಯಾವನ್ನೂ ಕಪ್ಪವಾಗಿ ಒಪ್ಪಿಸುತ್ತಿದ್ದವು. ಇಂದಿನ ಭಕ್ತರು ಅದೇ ಕಪ್ಪವನ್ನು ಆನ್‌ಲೈನ್‌ನಲ್ಲಿ ಸ್ವಇಚ್ಛೆಯಿಂದ ಪಾವತಿಸುತ್ತಾರೆ.

ಇನ್ನು ಪ್ರತ್ಯಕ್ಷ ಪ್ರಮಾಣ. ಬೀಜದ ಉದ್ದ ಎರಡು ಮಿಲಿಮೀಟರ್. ಬೂದು ಮೈ, ಅದರ ಮೇಲೆ ಯಾರೋ ಪೆನ್ನಿನ ಮಸಿ ಪರೀಕ್ಷಿಸಿದಂಥ ಕಂದು ಗೀರು. ನೀರು ಸೋಕಿದೊಡನೆ ಹೊರಪದರದಿಂದ ಸಣ್ಣ ನೂಲುಗಳು ಹೊರಟು, ಸ್ವಲ್ಪ ಹೊತ್ತಿನಲ್ಲಿ ಪ್ರತಿ ಬೀಜವೂ ಪಾರದರ್ಶಕ ಅಂಗಿ ತೊಡುತ್ತದೆ. ತನ್ನ ತೂಕದ ಹತ್ತು ಹನ್ನೆರಡು ಪಟ್ಟು ನೀರು ಹಿಡಿಯುವ ಅಂಗಿ ಅದು. ಇದೇ ಅಂಟನ್ನು ನೆಚ್ಚಿ ಅಮೆರಿಕದವರು 1982ರಲ್ಲಿ ಮಣ್ಣಿನ ಟಗರಿನ ಮೈಗೆ ಬೀಜ ಮೆತ್ತಿ, ಮೊಳಕೆಯ ಉಣ್ಣೆ ಬೆಳೆಸಿ ಮಾರಾಟಕ್ಕಿಟ್ಟರು. ಟಗರಿನ ಬೆನ್ನಿನಿಂದ ಮನುಷ್ಯನ ಹೊಟ್ಟೆಗೆ ಬಡ್ತಿ ಆಮೇಲಿನ ಮಾತು. ಐರೋಪ್ಯ ಒಕ್ಕೂಟವಂತೂ ಈ ಹಳೇ ಕಪ್ಪದ ಕಾಳನ್ನು 2009ರಲ್ಲಿ ಹೊಸ ಆಹಾರವೆಂದು ಅಂಗೀಕರಿಸಿತು!

ಪೂರ್ವಪಕ್ಷ: ಇದು ನಮ್ಮ ಕಾಮಕಸ್ತೂರಿಯೇ ಅಲ್ಲವೇ? ಅಲ್ಲ. ಕಾಮಕಸ್ತೂರಿ ಅಪ್ಪಟ ಕಪ್ಪು, ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ, ಫಾಲೂದಾದಲ್ಲಿ ಐಸ್‌ಕ್ರೀಮಿನ ಅಡಿ ಅಡಗಿರುತ್ತದೆ. ಗೋತ್ರ ಒಂದೇ ಆದರೂ ಮನೆ ಬೇರೆ. ಅಂಗಡಿಯವ ಎರಡನ್ನೂ ಒಂದೇ ಡಬ್ಬಿಯಿಂದ ಕೊಟ್ಟರೆ ಅದು ಅದ್ವೈತವಲ್ಲ, ಕಲಬೆರಕೆ.

ಮತ್ತೊಂದು ಪೂರ್ವಪಕ್ಷ: ಇದರಲ್ಲಿ ಮೀನಿನ ಒಮೆಗಾ-3 ಇದೆಯಂತೆ. ಒಮೆಗಾ-3 ಇರುವುದು ನಿಜ, ಮೀನಿನದು ಅನ್ನುವುದು ಸುಳ್ಳು. ಇರುವುದು ಸಸ್ಯದ ಬಗೆ, ಆಲ್ಫಾ ಲಿನೊಲೆನಿಕ್ ಆಮ್ಲ. ನಮ್ಮ ದೇಹ ಅದರಲ್ಲಿ ಅಲ್ಪಸ್ವಲ್ಪವನ್ನಷ್ಟೇ ಮೀನಿನ ಬಗೆಗೆ ತಿರುಗಿಸಿಕೊಳ್ಳುತ್ತದೆ. ಅದೇ ಆಮ್ಲ ಅಗಸೆಯಲ್ಲೂ ಧಾರಾಳವಾಗಿದೆ, ಆದರೆ ಅಗಸೆಗೆ ವಿಮಾನಯೋಗವಿಲ್ಲ.

ಭಕ್ತರಲ್ಲಿ ಎರಡು ಮತ: ನೆನೆಸುವಾದ, ಉದುರಿಸುವಾದ. ಇವರ ಜಗಳ ಬರೀ ಪಾಂಡಿತ್ಯದ್ದಲ್ಲ. ಅಮೆರಿಕದಲ್ಲಿ ಒಬ್ಬಾತ ಒಣಬೀಜವನ್ನು ಚಮಚದಲ್ಲಿ ನುಂಗಿ ಮೇಲೆ ನೀರು ಕುಡಿದ. ಬೀಜ ಅನ್ನನಾಳದಲ್ಲೇ ಉಬ್ಬಿ ದಾರಿ ಕಟ್ಟಿತು. ವೈದ್ಯರು ಇದನ್ನು 2014ರಲ್ಲಿ ವರದಿ ಮಾಡಿದರು. ಮೊಸರಿನ ಮೇಲೆ ಉದುರಿಸಿಕೊಳ್ಳುವವರಿಗೆ ಕ್ಷಮೆಯುಂಟು. ಒಣಬೀಜ ಬಾಯಿಗೆ ಸುರಿದುಕೊಳ್ಳುವವರಿಗೆ ನಮ್ಮ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ.

ಕೊನೆಯ ಅಧ್ಯಾಯ ಮೈಸೂರಿನದು. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಚಿಯಾ ಬೇಸಾಯದ ಕ್ರಮ ಕಂಡುಕೊಂಡು ರೈತರಿಗೆ ಬಿತ್ತನೆಬೀಜ ಕೊಟ್ಟಿತು. ಹಗಲು ಗಿಡ್ಡವಾದಾಗ ಮಾತ್ರ ಹೂಬಿಡುವ ಗಿಡ ಇದು, ನಮ್ಮ ಹಿಂಗಾರಿಗೆ ಒಪ್ಪಿತು. ಎಲೆಯ ಘಾಟಿಗೆ ಕೀಟಬಾಧೆಯೂ ಕಡಿಮೆ. ಹೀಗೆ ಎಚ್.ಡಿ. ಕೋಟೆ ಕಡೆಯ ಹೊಲಗಳಿಗೆ ಅಜ್ಟೆಕ್ ಬೆಳೆ ಬಂದಮೇಲೆ ಗ್ರಂಥಕರ್ತನಿಗೆ ಹೊಸ ಸಂಕಟ: ಮನೆಯಂಗಳದಲ್ಲಿ ಬೆಳೆದದ್ದನ್ನು ಸೂಪರ್‌ಫುಡ್ ಎನ್ನುವುದು ಹೇಗೆ? ಅಷ್ಟರಲ್ಲಿ ಒಬ್ಬ ಅಜ್ಜಿ ಬೀಜವನ್ನು ಬಾಣಲೆಯಲ್ಲಿ ಚಟಪಟ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಚೂರು ಹುಣಸೆ ಸೇರಿಸಿ, ಅಗಸೆ ಚಟ್ನಿಪುಡಿಯ ಹಾಗೇ ಕುಟ್ಟಿಟ್ಟರು. ಅದರಲ್ಲಿ ಲೋಳೆ ಎಳ್ಳಷ್ಟೂ ಇಲ್ಲ. ರೊಟ್ಟಿಗೆ ಹಚ್ಚಿಕೊಂಡು ತಿಂದಾಗ ರುಚಿಯಾಗಿಯೂ ಇದ್ದುದರಿಂದ, ಸದರಿ ಪುಡಿ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.