ವಿಶೇಷಣ ಕಳೆದ ಕಾಲೇಜು

ವಿಶ್ವಕೋಶದಲ್ಲಿ ಎಂಜಿನಿಯರಿಂಗ್ ಕಾಲೇಜಿನ ನಮೂದು ತಟಸ್ಥವಾಗಿರಬೇಕೆಂಬುದು ನಿಯಮ. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯವನ್ನೇ ನೋಡಿ: ಸ್ಥಾಪನೆ 1997, ನಡೆಸುವುದು ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘ, ಸಂಯೋಜನೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ಆ ವಿಶ್ವವಿದ್ಯಾಲಯ ಹುಟ್ಟಿದ್ದು 1998ರಲ್ಲಿ. ಮಗಳಿಗಿಂತ ತಾಯಿ ಒಂದು ವರ್ಷ ಚಿಕ್ಕವಳು. ಇದನ್ನು ನಗದೆ ಬರೆಯುವುದೇ ತಾಟಸ್ಥ್ಯ.

ಹೆಸರಿನಲ್ಲಿರುವ ಅರಸ 1424ರಿಂದ 1446ರವರೆಗೆ ಆಳಿದ ಇಮ್ಮಡಿ ದೇವರಾಯ. ಅವನ ಬಗ್ಗೆ ಎರಡು ವಾಕ್ಯ ಹೆಚ್ಚು ಬರೆದರೆ ನಮೂದು ಸೀದಾ ಹಂಪಿಗೆ ಹೊರಟುಬಿಡುತ್ತದೆ. ಗಜಶಾಲೆ, ಕಮಲಮಹಲ್ ಸುತ್ತಿ ಬರುವಷ್ಟರಲ್ಲಿ ಸಿವಿಲ್ ವಿಭಾಗ ಮರೆತೇ ಹೋಗಿರುತ್ತದೆ.

ಮುಂದಿನ ತೊಡಕು ಜಿಲ್ಲೆ. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಕಾಲೇಜು ಇಟ್ಟಿಗೆಯನ್ನೂ ಕದಲಿಸದೆ ಬಳ್ಳಾರಿ ಜಿಲ್ಲೆಯಿಂದ ಹೊರಬಿತ್ತು. ಆದರೆ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ನಿತ್ಯ ಅದೇ ಬಸ್ಸಿಗೆ ಬರುವ ಆ ಊರುಗಳ ಹುಡುಗರು ಕಾಗದದ ಮೇಲೆ ಹೊರಜಿಲ್ಲೆಯವರಾದರು.

ಕೊನೆಗೆ ಕತ್ತರಿ ಕೆಲಸ. ಯಾವ ಕಾಲೇಜಿನದೇ ಆಗಲಿ, ‘ಪ್ರತಿಷ್ಠಿತ’, ‘ಸುಸಜ್ಜಿತ’, ‘ಪ್ರಶಾಂತ ಪರಿಸರ’ಗಳೆಲ್ಲ ಹೋದರೆ ಒಂದು ಪುಟ ಐದು ಸಾಲಾಗುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬ ಸೇರಿಸಿದ ‘ಹಾಸ್ಟೆಲಿನ ಸಾರು ನೀರು’ ಎಂಬ ಸಾಲಿಗೂ ಅದೇ ಕತ್ತರಿ. ಅದು ನಿಜವಿರಬಹುದು, ಆದರೆ ಸಾರಿನ ಬಗ್ಗೆ ಯಾವ ಪತ್ರಿಕೆಯೂ ಬರೆದಿರುವುದಿಲ್ಲವಲ್ಲ.