ಕಡೆಯ ಬಿಲ್ಲು ಹಿಡಿದ ಕಲಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರಲ್ಲಿ ಒಂದು ವಿಶೇಷ ಪಂಗಡವಿದೆ. ಬಣ್ಣ ಹೊಡೆಸಲೆಂದು ಓನರು ಒಂದು ತಿಂಗಳ ಬಾಡಿಗೆಯನ್ನೇ ಅಡ್ವಾನ್ಸಿನಲ್ಲಿ ಮುರಿದುಕೊಂಡರೂ ಈ ಪಂಗಡದವನು ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ಹೊಸ ಮನೆಯಲ್ಲಿ ಹಾಲುಕ್ಕಿಸಿ ಹದಿನೈದು ದಿನವಾದ ಮೇಲೆ ಹಳೆ ಓನರು ವಾಟ್ಸಾಪಿನಲ್ಲಿ ಕಡೆಯ ಕರೆಂಟ್ ಬಿಲ್ಲಿನ ಫೋಟೊ ಕಳಿಸಿ, ಕೆಳಗೆ ‘ನಿಮ್ಮದೇ’ ಎಂದು ಬರೆದರೆ ಮೈಮೇಲೆ ದೇವರು ಬಂದವನಂತೆ ಏಳುತ್ತಾನೆ. ಜಿಪುಣ ಎಂದು ಜನ ನಗುತ್ತಾರೆ. ಸಾವಿರ ರೂಪಾಯಿಯ ಬಿಲ್ಲಿಗಾಗಿ ರಜೆ ಹಾಕಿ, ಆಟೊಗೆ ದುಡ್ಡು ಸುರಿದು ಹಳೆ ಬಡಾವಣೆಗೆ ಹೋಗಿಬರುವವನು ಜಿಪುಣನಾಗುವುದು ಹೇಗೆ? ಬಣ್ಣದ ಖರ್ಚು ಕರಾರು ಪತ್ರದಲ್ಲಿತ್ತು, ಸಹಿ ಹಾಕಿದ್ದ. ಮುಂದೆ ಬರುವ ಸಂಸಾರಕ್ಕೆ ಬಿಸಿನೀರು ಕಾಯಿಸಿಕೊಡುತ್ತೇನೆಂದು ಸಹಿ ಹಾಕಿರಲಿಲ್ಲ. ಅವನ ತಕರಾರೆಲ್ಲ ತಾರೀಖಿನ ಮೇಲೆ.

ಆ ತಕರಾರಿನಲ್ಲಿ ಹುರುಳಿದೆ. ಮೀಟರ್ ರೀಡರ್ ಬರುವುದು ತಿಂಗಳಿಗೊಮ್ಮೆ, ತನ್ನ ಸರದಿಯ ದಿನ. ಯಾರ ಸಾಮಾನಿನ ಲಾರಿ ಎಂದು ಹೊರಟಿತೆಂಬುದು ಅವನಿಗೆ ಬೇಡದ ಮಾತು. ಬೆಸ್ಕಾಂ ಗುರುತಿಸುವುದು ಆರ್.ಆರ್. ನಂಬರನ್ನು, ಒಳಗಿನ ಸಂಸಾರ ಬದಲಾದರೂ ನಂಬರು ಅದೇ. ಗೇಟಿಗೆ ಬೀಗವಿದ್ದು ರೀಡಿಂಗ್ ಸಿಗದ ತಿಂಗಳು ಸರಾಸರಿಯ ಮೇಲೆ ಬಿಲ್ಲಾಗಿ, ವ್ಯತ್ಯಾಸ ಮುಂದಿನ ರೀಡಿಂಗಿಗೆ ಸೇರಿಕೊಳ್ಳುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ವ್ಯಾಜ್ಯಕ್ಕೆ ಹೊಸ ಕಳೆ ಬಂದಿದೆ. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. ನಮ್ಮ ಕಲಿ 150 ಯೂನಿಟ್ ಉರಿಸಿ ಹೊರಟನೆನ್ನಿ; ಹಿಂದೆಯೇ ಬಂದವರು ರೀಡಿಂಗಿನ ದಿನದೊಳಗೆ 60 ಉರಿಸಿದರೆನ್ನಿ. ಮೊತ್ತ 210. ಸೊನ್ನೆ ಬಿಲ್ಲಿಗೆ ಒಗ್ಗಿದ್ದ ಮನೆಗೆ ಸಾವಿರ ದಾಟಿದ ಬಿಲ್ಲು! ಗೆರೆ ದಾಟಿಸಿದ್ದು 150 ಉರಿಸಿದವನೋ, ಕಡೆಯ 10 ಉರಿಸಿದವರೋ? ಈ ಪ್ರಶ್ನೆ ಹಿಡಿದು ಜಗಳವಾಡದಿದ್ದರೇ ಆಶ್ಚರ್ಯ.

ಪಕ್ಷ ಗಟ್ಟಿ, ಸಾಕ್ಷಿ ಮಾತ್ರ ಪೊಳ್ಳು. ‘ಕಡೇ ವಾರ ನಮ್ಮನೆಯವರು ತವರಲ್ಲಿದ್ರು ಸಾರ್’, ‘ಫ್ರಿಜ್ಜು ಆಗ್ಲೇ ಪ್ಯಾಕ್ ಆಗಿತ್ತು’, ‘ನಾವು ಒಂದೇ ಲೈಟಲ್ಲಿ ಊಟ ಮಾಡೋರು’ ಎಂದು ಅವನು ಪಟ್ಟಿ ಒಪ್ಪಿಸುತ್ತಾನೆ. 2,000 ವ್ಯಾಟಿನ ಗೀಸರು ಅರ್ಧ ಗಂಟೆ ಉರಿದರೆ 1 ಯೂನಿಟ್. ಗಂಟುಮೂಟೆ ಕಟ್ಟಿದ ಧೂಳು ತೊಳೆಯಲು ದಿನಕ್ಕೆರಡು ಸಲ ಮಿಂದದ್ದು ಆ ಪಟ್ಟಿಯಲ್ಲಿ ಇರುವುದಿಲ್ಲ. 1912ಕ್ಕೆ ಫೋನು ಮಾಡಿದರೆ ಮೀಟರಿನ ದೂರು ಬರೆದುಕೊಳ್ಳುತ್ತಾರೆ. ಓನರಿಗೂ ಬಾಡಿಗೆದಾರನಿಗೂ ಪಾಲು ಮಾಡಿಕೊಡುವುದು ಅವರ ಕೆಲಸವಲ್ಲ. ದಿನದ ಲೆಕ್ಕದಲ್ಲಿ ಹಂಚಿಕೊಂಡು ಮುಗಿಸಬಾರದೇ ಎಂದು ಶಾಂತಿಪ್ರಿಯರು ಕೇಳಬಹುದು. ಮೂವರಿದ್ದ ಮನೆಗೆ ಆರು ಜನ ಬಂದು ಇಂಡಕ್ಷನ್ ಒಲೆ ಹೂಡಿದರೆ ದಿನದ ಲೆಕ್ಕಕ್ಕೆ ಅರ್ಥವಿಲ್ಲ. ಹೋಗಲಿ, ಸುಮ್ಮನಿರಬಾರದೇ ಎಂದರೆ, ಅಡ್ವಾನ್ಸಿನ ಕಡೆಯ ಕಂತು ಇನ್ನೂ ಓನರ ಕೈಯಲ್ಲಿದೆ. ವಿಚಾರಣೆಗೆ ಮೊದಲೇ ದಂಡ ವಸೂಲಾಗುವ ನ್ಯಾಯಾಲಯದಲ್ಲಿ ಮೌನವೆಂದರೆ ತಪ್ಪೊಪ್ಪಿಗೆ.

ಹಾಗಾದರೆ ಅವನಿಗೆ ಬೇಕಾದದ್ದು ಒಂದೇ ಸಾಕ್ಷಿ: ಬೀಗದಕೈ ಕೊಟ್ಟ ಹೊತ್ತಿನ ಮೀಟರ್ ರೀಡಿಂಗ್. ಓನರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೊ ತೆಗೆದು, ಅಲ್ಲೇ ವಾಟ್ಸಾಪಿನಲ್ಲಿ ಕಳಿಸಿದರೆ ಎರಡು ಸಂಸಾರದ ಯೂನಿಟ್ ಬೇರೆಬೇರೆಯಾಗುತ್ತವೆ. ವರ್ಷಗಟ್ಟಲೆ ವಿಶ್ವಾಸದಿಂದಿದ್ದವರ ನಡುವೆ ಇಂಥ ಸಂಶಯವೇಕೆ ಎನ್ನುವವರು ಸ್ಟಾಂಪ್ ಪೇಪರಿನಲ್ಲಿ ಕರಾರು ಬರೆಸಿ, ಸಾಕ್ಷಿಗಳ ರುಜು ಹಾಕಿಸಿಕೊಂಡೇ ಆ ವಿಶ್ವಾಸ ಶುರುವಾಗಿದ್ದನ್ನು ನೆನೆಯಲಿ. ಗೃಹಜ್ಯೋತಿಯನ್ನೂ ಹಳೆ ಆರ್.ಆರ್. ನಂಬರಿನಿಂದ ಬಿಡಿಸಿಕೊಂಡು ಹೊರಟರೆ ಇನ್ನೂ ಕ್ಷೇಮ. ಫೋಟೊ ಇದ್ದವನಿಗೆ ಜಗಳಕ್ಕೆ ವಿಷಯವೇ ಉಳಿಯದು, ಈ ಪಂಗಡ ಅಳಿದೇಹೋದೀತು ಎಂದು ಯಾರೂ ಮರುಗಬೇಕಾಗಿಲ್ಲ. ನೀರಿನ ಬಿಲ್ಲೂ ಮೇಂಟೆನೆನ್ಸೂ ಇನ್ನೂ ಬರಬೇಕಾಗಿವೆ.